ಪುನರ್ಪುಳಿ: ಸಿಪ್ಪೆಗೇ ಮೊದಲ ಮಣೆ

ದೋಹಾದ ಅಲ್ ಥುಮಾಮಾದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥ ಕಡೆ ನೆಲೆಸಿದ ಕರಾವಳಿಯವರು ತಂಪು ಶರಬತ್ತಿಗೆಂದು ಊರಿಂದ ಒಣ ಪುನರ್ಪುಳಿ ಸಿಪ್ಪೆ ಒಯ್ದರೆ ಅದು ಜಾಣತನವೇ.

ಮಾವು, ಹಲಸಿನಲ್ಲಿ ಸಿಪ್ಪೆ ಬಿಸಾಡುತ್ತೇವೆ. ಪುನರ್ಪುಳಿಯಲ್ಲಿ ಲೆಕ್ಕ ತಿರುಗುಮುರುಗು. ಕಡುಗೆಂಪು ಬಣ್ಣದ ಆಂಥೋಸಯನಿನ್, ಗಾರ್ಸಿನಾಲ್ ಎಂಬ ಸಂಯುಕ್ತ, ಹುಳಿ ಕೊಡುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಎಲ್ಲವೂ ಸಿಪ್ಪೆಯಲ್ಲೇ. ಈ ಆಮ್ಲದ ಹೆಸರಲ್ಲಿ ತೂಕ ಇಳಿಸುವ ಮಾತ್ರೆ ಮಾರುವವರನ್ನು ನಾನು ನಂಬುವುದಿಲ್ಲ, ಪುರಾವೆ ತೆಳು. ಬೆಲ್ಲ, ಜೀರಿಗೆ ಹಾಕಿದ ಸಾರನ್ನು ಮಾತ್ರ ಕಣ್ಣುಮುಚ್ಚಿ ನಂಬುತ್ತೇನೆ.

ಶರಬತ್ತು ಮಾಡಿ ಉಳಿದ ಬೀಜವೂ ಕಸವಲ್ಲ. ಒಣಗಿಸಿ, ಒಡೆದು, ತಿರುಳನ್ನು ಅರೆದು ನೀರಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ತೆಗೆದು ಆರಿಸಿ ಉಂಡೆ ಕಟ್ಟಿದರೆ ಅದೇ ಉತ್ತರ ಕನ್ನಡದವರ ಮುರುಗಲ ತುಪ್ಪ. ಒಡೆದ ಹಿಮ್ಮಡಿಗೆ ಇದಕ್ಕಿಂತ ಒಳ್ಳೆಯ ಮದ್ದು ನಾನು ಕಂಡಿಲ್ಲ. ಸ್ಟಿಯರಿಕ್ ಆಮ್ಲ ಹೆಚ್ಚಿರುವುದರಿಂದ ಊರಲ್ಲಿ ಗಟ್ಟಿಯಾಗಿಯೇ ಇರುತ್ತದೆ; ಕರಗಲು ಸುಮಾರು 40 ಡಿಗ್ರಿ ಬೇಕು. ಅಲ್ ಥುಮಾಮಾದ ಜುಲೈಯಲ್ಲಿ ಕಾರಿನೊಳಗೆ ಮರೆತಿರೋ, ಬರೀ ಎಣ್ಣೆ!

ಸಿಪ್ಪೆಯ ಬಣ್ಣ ಬಿಸಿಗೂ ಬೆಳಕಿಗೂ ಮಾಸುತ್ತದೆ. ಡಬ್ಬಿಯನ್ನು ಒಲೆಯ ಪಕ್ಕ ಇಡಬೇಡಿ.