ಕಿವಿ ಕೆಳಗಿನ ಗಂಟು: ಕಾಯುವುದು ಯಾರಿಗೆ ಸರಿ?

ಕಿವಿ ಕೆಳಗೆ ಗಂಟು ಎದ್ದಿದೆ, ನೋವಿಲ್ಲ. ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಅಲ್ಲ ಎಂದು ಬಂದಿದೆ. ಜೊಲ್ಲುಗ್ರಂಥಿಯ ಇಂಥ ಗಡ್ಡೆಗಳನ್ನು ಕೂಡಲೇ ಕೊಯ್ಯದೆ ನಿಗಾದಲ್ಲಿಡುವ ಪದ್ಧತಿಯೊಂದಿದೆ. ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಂಥ ಊರಿಗೆ ಅದು ಎಷ್ಟು ಹೊಂದುತ್ತದೆ?

ಕಾಯುವುದರ ಪರವಾದ ವಾದ ಹಗುರವಾದುದಲ್ಲ. ಈ ಗಡ್ಡೆಗಳಲ್ಲಿ ಬಹುಪಾಲು ಏಳುವುದು ಕಿವಿಯ ಮುಂದೆ, ಕೆಳಗೆ ಹರಡಿರುವ ಪೆರೋಟಿಡ್ ಗ್ರಂಥಿಯಲ್ಲಿ. ಕಣ್ಣು ಮುಚ್ಚಿಸುವ, ತುಟಿ ಅರಳಿಸುವ ಮುಖದ ನರ ಅದರೊಳಗಿಂದಲೇ ಹಾಯುತ್ತದೆ. ಆಪರೇಷನ್ ಆದ ಮೇಲೆ ಕೆಲವರ ಬಾಯಿ ಕೆಲವು ತಿಂಗಳು ಸೊಟ್ಟಗಾಗುತ್ತದೆ. ಅದು ಕಾಯಮ್ಮಾಗಿ ಉಳಿಯುವುದು ಕೆಲವೇ ಮಂದಿಗೆ. ಊಟಕ್ಕೆ ಕೂತಾಗ ಕೆನ್ನೆ ಬೆವರುವ ತೊಂದರೆಯೂ ಉಂಟು. ಬೀಡಿ ಸೇದುವ ಹಿರಿಯರಲ್ಲಿ ಹೆಚ್ಚಾಗಿ ಕಾಣುವ ವಾರ್ಥಿನ್ ಗಡ್ಡೆ ಕ್ಯಾನ್ಸರಿಗೆ ತಿರುಗುವುದು ತೀರಾ ಅಪರೂಪ. ಎಪ್ಪತ್ತು ದಾಟಿದ, ಹೃದಯದ ತೊಂದರೆಯಿರುವ ಅಜ್ಜನಿಗೆ ಅರಿವಳಿಕೆ ಕೊಟ್ಟು ಅದನ್ನು ತೆಗೆಯಲೇಬೇಕೆಂದು ಹಟ ಹಿಡಿಯುವುದು ತಪ್ಪು.

ಆದರೆ ಎಲ್ಲಕ್ಕಿಂತ ಸಾಮಾನ್ಯವಾದ ಪ್ಲಿಯೊಮಾರ್ಫಿಕ್ ಅಡಿನೋಮಾದ ಮಾತು ಬೇರೆ. ಅದು ನಿಧಾನವಾಗಿ, ಬಿಡದೆ ಬೆಳೆಯುತ್ತದೆ. ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ಮೊದಲ 5 ವರ್ಷದಲ್ಲಿ ನೂರಕ್ಕೆ ಒಂದೂವರೆಯ ಆಸುಪಾಸು, 15 ವರ್ಷ ದಾಟಿದರೆ ಹತ್ತರ ಹತ್ತಿರ ಎಂದು ವೈದ್ಯಗ್ರಂಥಗಳು ಹೇಳುತ್ತವೆ. ಮೂವತ್ತೈದರ ಹೆಣ್ಣುಮಗಳ ಮುಂದೆ ಇನ್ನೂ ಎಷ್ಟು ವರ್ಷಗಳಿವೆ! ಅವಳಿಗೆ ಕಾಯಲು ಹೇಳುವುದೆಂದರೆ ಮುಂದೆ ದೊಡ್ಡ ಗಡ್ಡೆ, ಹೆಚ್ಚು ಕಷ್ಟದ ಆಪರೇಷನ್ ಕಟ್ಟಿಟ್ಟಂತೆ. ದವಡೆ ಕೆಳಗಿನ ಅಥವಾ ಬಾಯಿಯ ಅಂಗುಳಿನ ಗಂಟಾದರೆ ಇನ್ನೂ ಎಚ್ಚರ ಬೇಕು, ಅಲ್ಲಿ ಕ್ಯಾನ್ಸರಿನ ಪಾಲು ಹೆಚ್ಚು.

ಹಳ್ಳಿಯಲ್ಲಿ ಈ ಪದ್ಧತಿ ಸೋಲುವುದು ನಿಗಾ ಎಂಬಲ್ಲೇ. ನಿಗಾ ಎಂದರೆ ಗೊತ್ತಾದ ದಿನಕ್ಕೆ ಹೋಗಿ ಸ್ಕ್ಯಾನಿಂಗ್ ಮಾಡಿಸಿ, ಹಿಂದಿನ ಅಳತೆಯೊಂದಿಗೆ ಹೋಲಿಸುವುದು. "ನೋವಿಲ್ಲಲ್ರೀ, ಸುಗ್ಗಿ ಮುಗೀಲಿ, ನೋಡೋಣು" ಅನ್ನುವುದು ನಿಗಾ ಅಲ್ಲ. ಹಾಗೆಂದು ಜನರನ್ನು ದೂರಲಾರೆ. ಸ್ಕ್ಯಾನಿಂಗ್‌ಗಾಗಿ ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎನ್ನುವ ಆಸ್ಪತ್ರೆಗೋ ಧಾರವಾಡದ ಎಸ್‌ಡಿಎಂ ಆಸ್ಪತ್ರೆಗೋ ಹೋದರೆ ಬಸ್ ಚಾರ್ಜಿನ ಜೊತೆಗೆ ಒಂದು ದಿನದ ಕೂಲಿಯೂ ಹೋಯಿತು. ಆಯುಷ್ಮಾನ್ ಕಾರ್ಡು ಮುಖ್ಯವಾಗಿ ನೆರವಾಗುವುದು ಆಸ್ಪತ್ರೆಗೆ ದಾಖಲಾದಾಗ. ಕಳೆದ ಕೂಲಿಯನ್ನು ಅದು ತುಂಬಿಕೊಡುವುದಿಲ್ಲ. ಕೊಯ್ಯಲು ದುಡ್ಡು ಕೊಟ್ಟು, ಕಾಯಲು ಕೈಬಿಡುವ ಈ ವ್ಯವಸ್ಥೆಯಲ್ಲಿ ನಿಗಾ ಎಂಬುದು ಮರೆವಾಗಿ ಹೋಗುತ್ತದೆ. ಸೂಜಿ ಚುಚ್ಚಿದರೆ ಗಂಟು ಹರಡುತ್ತದೆಂಬ ಭಯ ಬೇರೆ. ಆ ಸಣ್ಣ ಸೂಜಿಯಿಂದ ಹಾಗಾಗುವುದು ಅತ್ಯಂತ ವಿರಳ. ಅದಕ್ಕೆ ಹೆದರಿ ಪರೀಕ್ಷೆ ತಪ್ಪಿಸಿದರೆ ಗಂಟು ಯಾವುದೆಂದೇ ತಿಳಿಯದು.

ಆದ್ದರಿಂದ ವಾರ್ಥಿನ್ ಗಡ್ಡೆಯಿರುವ ಹಿರಿಯರಿಗೆ, ಆಪರೇಷನ್ ತಾಳಲಾರದವರಿಗೆ ಕಾಯುವ ದಾರಿ ಸರಿ. ಪ್ಲಿಯೊಮಾರ್ಫಿಕ್ ಗಡ್ಡೆಯಿದ್ದು ಮೈಯಲ್ಲಿ ಕಸುವಿರುವವರು ತೆಗೆಸಿಕೊಳ್ಳುವುದೇ ಒಳಿತು. ಕಾಯಿರಿ ಎಂದು ವೈದ್ಯರು ಹೇಳಿದರೆ ಗಡ್ಡೆಯ ಹೆಸರು, ಅದರ ಅಳತೆ, ಮುಂದೆ ಬರಬೇಕಾದ ತಾರೀಖು ಮೂರನ್ನೂ ಚೀಟಿಯಲ್ಲಿ ಕನ್ನಡದಲ್ಲೇ ಬರೆಸಿಕೊಳ್ಳಿ. ಗಂಟು ಬೇಗನೆ ದೊಡ್ಡದಾದರೆ, ನೋವು ಬಂದರೆ, ಬಾಯಿ ಸೊಟ್ಟಗಾದರೆ, ಕುತ್ತಿಗೆಯಲ್ಲಿ ಮತ್ತೊಂದು ಗಂಟು ಕೈಗೆ ಸಿಕ್ಕರೆ ಆ ತಾರೀಖಿಗಾಗಿ ಕಾಯಬೇಡಿ, ಮರುದಿನವೇ ಹೊರಡಿ.