ಜೋ ಹಿಡಿದ ಲೇಖನಿ, ಬೆಳ್ಳಿಯ ಸಾಲ

ಲೂಯಿಸಾ ಮೇ ಆಲ್ಕಾಟ್‌ಳ ‘ಲಿಟಲ್ ವಿಮೆನ್’ (1868-69) ನಾಲ್ವರು ಅಕ್ಕತಂಗಿಯರು ಬೆಳೆಯುವ ಕಥೆ. ಗ್ರೆಟಾ ಗೆರ್ವಿಗ್ 2019ರಲ್ಲಿ ಅದನ್ನು ದುಡ್ಡಿನ ಕಥೆಯಾಗಿ ಓದಿ ಸಿನಿಮಾ ಮಾಡಿದಳು. ಜೋ ತನ್ನ ಪುಸ್ತಕದ ಹಕ್ಕು ಬಿಟ್ಟುಕೊಡದೆ ಪ್ರಕಾಶಕನ ಎದುರು ಕೂತು ಚೌಕಾಸಿ ಮಾಡೋದು ನನಗೆ ನಿಜಕ್ಕೂ ಇಷ್ಟವಾಯಿತು.

ಆದರೆ ಇದು ಯಾರ ಬಡತನ? ಈ ಬಡವರ ಮನೆಯಲ್ಲೂ ಅಡುಗೆಗೆ ಹಾನ್ನಾ ಇದ್ದಾಳೆ! ಹಬ್ಬದ ದಿನ ಇವರು ತಮ್ಮ ತಿಂಡಿಯನ್ನು ವಲಸೆ ಬಂದ ಹಮ್ಮೆಲ್ ಕುಟುಂಬಕ್ಕೆ ಹೊತ್ತೊಯ್ದು ಕೊಡ್ತಾರೆ. ಮುಂದೆ ಅದೇ ಮನೆಯಿಂದ ಬೆತ್‌ಗೆ ಜ್ವರ ಅಂಟುತ್ತದೆ. ಬೆತ್ ಸತ್ತಾಗ ನಾವು ಅಳುತ್ತೇವೆ. ಅವಳಿಗಿಂತ ಮೊದಲೇ ಸತ್ತ ಹಮ್ಮೆಲ್ ಕೂಸು ಬರೀ ಸುದ್ದಿ. ಕರುಣೆ ತೋರಿಸಲಿಕ್ಕೆ, ರೋಗ ಅಂಟಲಿಕ್ಕೆ ಮಾತ್ರ ಬೇಕಾಗುವ ಇಂಥ ಮನೆ ನಮ್ಮ ಕೇರಿಯವರಿಗೆ ಹೊಸದೇನಲ್ಲ.

ನನಗೆ ಬೆಳ್ಳಿ ನೆನಪಾದಳು. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಬಿ.ವಿ. ಕಾರಂತರು 1975ರಲ್ಲಿ ತೆರೆಗೆ ತಂದರು. ಜೋ ಅಪ್ಪನಿಗಾಗಿ ಮಾರಿದ್ದು ತಲೆಕೂದಲು, ಅದು ಮತ್ತೆ ಬೆಳೆಯಿತು. ಬೆಳ್ಳಿ ಅಪ್ಪನ ಸಾಲ ತೀರಿಸಲು ತೋಟಕ್ಕೆ ಹೋದಳು; ಅವಳ ಮೈಯನ್ನೇ ದೋಚಿದ ಮೇಲೆ ಸಾಲ ಚುಕ್ತಾ ಆಯ್ತು. ಲೆಕ್ಕ ಬರೆಯುವ ಲೇಖನಿ ತೋಟದವರ ಕೈಯಲ್ಲಿತ್ತು.

ಅಡಿಕೆ ಸುಲಿಯೋಕೆ ಹೋಗುವ ನಮ್ಮ ಉಬ್ರಾಣಿ ಕಡೆಯ ಹುಡುಗಿಯರಿಗೆ ಈ ಎರಡೂ ಸಿನಿಮಾ ತೋರಿಸಬೇಕು, ಬೆಳ್ಳಿಯದನ್ನು ಮೊದಲು.