ಮಣಿಚಿತ್ರತ್ತಾಳ್: ಶ್ರೀದೇವಿಗೆ ಆದ ಅನ್ಯಾಯ

ಫಾಜಿಲ್ ನಿರ್ದೇಶನದ ‘ಮಣಿಚಿತ್ರತ್ತಾಳ್’ (1993) 2024ರಲ್ಲಿ ಮತ್ತೆ ಚಿತ್ರಮಂದಿರಗಳಿಗೆ ಬಂದಾಗ ಹಳೆಯ ಹೊಗಳಿಕೆಯೂ ಜೊತೆಗೇ ಬಂತು: ಎಲ್ಲೂ ಬಿರುಕಿಲ್ಲದ ಚಿತ್ರಕಥೆ! ಅದರ ಕನ್ನಡ ರೂಪ ‘ಆಪ್ತಮಿತ್ರ’ (2004) ನೋಡಿದ ಕನ್ನಡಿಗರಿಗೆ ಮಧು ಮುಟ್ಟಂ ಅವರ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಹೊಗಳಿಕೆ ಅರ್ಧ ನಿಜ. ಉಳಿದರ್ಧ ನನಗೆ ಒಪ್ಪಿಗೆಯಿಲ್ಲ.

ನಿಜವಾದ ಅರ್ಧಕ್ಕೆ ಒಂದೇ ದೃಶ್ಯ ಸಾಕು. ಅಲ್ಲಿ ಎಂಬ ಹುಡುಗಿಯ ಮದುವೆಗೆ ಒಡವೆ ಕೊಳ್ಳಲು ಹೊರಡಬೇಕೆಂದು ಗಂಗಾ ಗಂಡನಿಗೆ ಹೇಳುತ್ತಾಳೆ. ಬೇಡ ಎನ್ನುತ್ತಾನೆ ನಕುಲನ್. ಯಾಕೆ ಎಂದು ಕೇಳುವಾಗ ಅವಳಲ್ಲಿರುವುದು ಹೆಂಡತಿಯ ಸಹಜ ಬೇಸರ ಮಾತ್ರ. ಅದೇ ಪ್ರಶ್ನೆ ಮರುಕಳಿಸುತ್ತ ಹೋದಂತೆ ದನಿ ದಪ್ಪಗಾಗುತ್ತದೆ, ಕಣ್ಣು ಒಂದೆಡೆ ನೆಡುತ್ತದೆ, ಮಲಯಾಳಂ ಜಾರಿ ತಮಿಳಾಗುತ್ತದೆ. ಮಂಚ ಮೇಲೇಳುವುದು ಆಮೇಲೆ. ಹೊಗೆಯಿಲ್ಲ, ಬಿಳಿ ಸೀರೆಯಿಲ್ಲ, ಕಿಟಕಿ ಬಡಿಯುವುದಿಲ್ಲ. ಗಂಗಾ ಎಲ್ಲಿ ಮುಗಿದಳು, ಅವಳ ಮನಸ್ಸನ್ನು ಆವರಿಸಿದ ತಮಿಳು ನರ್ತಕಿ ನಾಗವಲ್ಲಿ ಎಲ್ಲಿ ಶುರುವಾದಳು ಎಂದು ಗೆರೆ ಎಳೆಯಲು ಹೋದರೆ ಗೆರೆ ಸಿಗುವುದಿಲ್ಲ. ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ. ಆದರೆ ಇಲ್ಲಿ ಕೇಳುವ ದನಿಗಳು ಅವರವಲ್ಲ: ಗಂಗಾಳಿಗೆ ಭಾಗ್ಯಲಕ್ಷ್ಮಿ, ನಾಗವಲ್ಲಿಗೆ ದುರ್ಗಾ ಕಂಠದಾನ ಮಾಡಿದ್ದಾರೆ. ಈ ಪಾತ್ರ ಮೂವರು ಹೆಂಗಸರ ದುಡಿಮೆ. ನಮ್ಮಲ್ಲಿ ಡಬ್ಬಿಂಗ್ ಕಲಾವಿದರನ್ನು ವಿಮರ್ಶಕರು ನೆನೆಯುವುದೇ ಅಪರೂಪ.

ಚಿತ್ರದಲ್ಲಿ ತಪ್ಪು ಹುಡುಕುವವರು ಕೈ ಇಡುವುದೂ ತಪ್ಪು ಜಾಗದಲ್ಲೇ. ಕೇರಳದ ಹಳ್ಳಿಯಲ್ಲಿ ಬೆಳೆದವಳಿಗೆ ಇಷ್ಟು ಚೊಕ್ಕ ನಾಟ್ಯ ಬಂದದ್ದೆಲ್ಲಿಂದ ಎಂದು ಕೇಳುತ್ತಾರೆ. ಗಂಗಾ ನಾಗವಲ್ಲಿಯಾಗಿ ಕುಣಿಯುವ ಹಾಡನ್ನು ಗಮನವಿಟ್ಟು ನೋಡಲಿ. ಆಸ್ಥಾನದ ವೈಭವವಿರುವುದು ಗಂಗಾಳ ಮನಸ್ಸಿನಲ್ಲಿ. ಮನೆಯವರಿಗೆ ಕಾಣುವುದು ಕೂದಲು ಕೆದರಿ, ಕಾಡಿಗೆ ಕದಡಿ ಕುಣಿಯುತ್ತಿರುವ ಹೆಂಗಸು. ಎರಡನ್ನೂ ಹೆಣೆದು ತೋರಿಸಿ ಚಿತ್ರ ಆ ಪ್ರಶ್ನೆಗೆ ಆಗಲೇ ಉತ್ತರ ಕೊಟ್ಟಿದೆ. ಒಂದೇ ರಾತ್ರಿಯಲ್ಲಿ ಕಾಯಿಲೆ ವಾಸಿಯಾಗುವುದು ನಂಬಲು ಕಷ್ಟವೇ ಸರಿ. ಜನಪ್ರಿಯ ಸಿನಿಮಾಕ್ಕೆ ಅಷ್ಟು ರಿಯಾಯಿತಿ ಕೊಡೋಣ.

ರಿಯಾಯಿತಿ ಕೊಡಲಾಗದ್ದು ಶ್ರೀದೇವಿಯ ವಿಷಯದಲ್ಲಿ. ನಮ್ಮ ವಿನಯಾ ಪ್ರಸಾದ್ ಮಾಡಿದ ಪಾತ್ರವಿದು. ಜಾತಕದೋಷದಿಂದ ನಕುಲನ್ ಜೊತೆಗಿನ ಸಂಬಂಧ ತಪ್ಪಿ, ಆಮೇಲೆ ಆದ ಮದುವೆಯೂ ಮುರಿದು ತವರಿನಲ್ಲಿ ತಲೆತಗ್ಗಿಸಿ ಬದುಕುತ್ತಿರುವವಳು. ಮನೋವೈದ್ಯ ಸನ್ನಿ ಮನೆಯವರೆದುರು ಹುಚ್ಚಿನ ಆರೋಪವನ್ನು ಇವಳ ಮೇಲೆ ಹೊರಿಸಿ ಕೋಣೆಯಲ್ಲಿ ಕೂಡಿಹಾಕುತ್ತಾನೆ. ಗಂಗಾಳಿಗೆ ಸುಳಿವು ಸಿಗಬಾರದೆಂದು ಹೀಗೆ ಮಾಡಬೇಕಾಯಿತು ಎನ್ನುತ್ತಾರೆ ಚಿತ್ರದ ಅಭಿಮಾನಿಗಳು. ಆದರೆ ನಾಗವಲ್ಲಿ ಮಾಡುವುದೇನೂ ಗಂಗಾಳಿಗೆ ಗೊತ್ತಿಲ್ಲ ಎನ್ನುವುದು ಸನ್ನಿಯದೇ ವಿವರಣೆ. ಗೊತ್ತೇ ಇಲ್ಲದವಳಿಂದ ಬಚ್ಚಿಡಲು ಸುಮ್ಮನಿದ್ದರೆ ಸಾಕಿತ್ತು, ಇನ್ನೊಬ್ಬಳತ್ತ ಬೆರಳು ತೋರಿಸುವ ಅಗತ್ಯವೇ ಇರಲಿಲ್ಲ. ಈ ನಾಟಕದಿಂದ ಮೋಸಹೋಗಬೇಕಾದವರು ಪ್ರೇಕ್ಷಕರು ಮಾತ್ರ. ನಮ್ಮ ಅನುಮಾನವನ್ನು ದಾರಿ ತಪ್ಪಿಸಲು ಚಿತ್ರಕಥೆಗೆ ಒಬ್ಬಳು ಬೇಕಿತ್ತು, ಗಂಡ ಬಿಟ್ಟವಳು ಸುಲಭವಾಗಿ ಸಿಕ್ಕಳು. ಇದು ತರ್ಕದ ದೋಷವೂ ಹೌದು, ನೀತಿಯ ದೋಷವೂ ಹೌದು.

ಕೊನೆಯಲ್ಲಿ ಸನ್ನಿ ಅವಳನ್ನು ಮದುವೆಯಾಗುವ ಮಾತಾಡುತ್ತಾನೆ, ಲೆಕ್ಕ ಚುಕ್ತಾ ಆಯಿತೆಂದು ಚಿತ್ರ ಭಾವಿಸುತ್ತದೆ. ಬಾಲ್ಯದ ನೋವು ಗಂಗಾಳ ಮನಸ್ಸನ್ನು ಹೇಗೆ ಒಡೆಯಿತೆಂದು ಅಷ್ಟು ಸೂಕ್ಷ್ಮವಾಗಿ ತಿಳಿಸುವ ಕಥೆ, ಪಕ್ಕದಲ್ಲೇ ಇನ್ನೊಬ್ಬ ಹೆಣ್ಣಿನ ಮನಸ್ಸಿಗೆ ಬಿದ್ದ ಪೆಟ್ಟನ್ನು ಕೇಳುವುದೇ ಇಲ್ಲ. ಶೋಭನಾ ಇರುವ ದೃಶ್ಯಗಳಿಗಾಗಿ ‘ಮಣಿಚಿತ್ರತ್ತಾಳ್’ ಭಾರತೀಯ ಸಿನಿಮಾದ ಮೊದಲ ಸಾಲಿನಲ್ಲಿರುತ್ತದೆ. ದೋಷವಿಲ್ಲದ ಚಿತ್ರಕಥೆ ಎಂಬ ಬಿರುದನ್ನು ಮಾತ್ರ ಅದು ಸಂಪಾದಿಸಿಲ್ಲ.